ಹುಂಜನೋ ಹ್ಯಾಟಿಯೋ? ಹಿತ್ತಲ ಕೋಳಿಮರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿ ಕಡೆಯ ನಮ್ಮ ಹಿತ್ತಲಲ್ಲಿ ಹದಿನಾಲ್ಕು ವರ್ಷದಿಂದ ಜವಾರಿ ಕೋಳಿ ಇವೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರು, ವಾಟ್ಸಾಪಿನಲ್ಲಿ ಮಸುಕಾದ ಫೋಟೋ ಕಳಿಸಿ "ಇದೇನ್ರಿ?" ಅನ್ನುವವರು, ಎಲ್ಲರೂ ತಿರುಗಿಸಿ ಮುರುಗಿಸಿ ಕೇಳುವುದು ಇವೇ ಪ್ರಶ್ನೆ. ಪ್ರಶ್ನೆಗಳನ್ನು ಅವರವರ ಬಾಯಿಂದ ಬಂದ ಹಾಗೆಯೇ ಬಿಟ್ಟಿದ್ದೇನೆ. ದಕ್ಷಿಣದ ಕಡೆಯವರು ಓದುತ್ತಿದ್ದರೆ ಇಷ್ಟು ತಿಳಿದಿರಲಿ: ಹ್ಯಾಟಿ ಅಂದರೆ ಹೇಂಟೆ, ತತ್ತಿ ಅಂದರೆ ಮೊಟ್ಟೆ.

## ಹೊಸದಾಗಿ ಸಾಕುವವರು ಕೇಳುವುದು

ಹತ್ತ ಮರಿ ತಂದೀನ್ರಿ. ಹುಂಜ ಯಾವ್ದು, ಹ್ಯಾಟಿ ಯಾವ್ದು ಇವತ್ತಽ ಗೊತ್ತಾಗ್ತದೇನು?

ಇಲ್ಲ. ಜವಾರಿ ಮರಿಯಲ್ಲಿ ಮೊದಲ ತಿಂಗಳು ಯಾರೇ ಖಚಿತವಾಗಿ ಹೇಳಿದರೂ ಅದು ಊಹೆ. ಆರರಿಂದ ಎಂಟು ವಾರಕ್ಕೆ ಅನುಮಾನ ಶುರುವಾಗುತ್ತದೆ, ಹತ್ತರಿಂದ ಹನ್ನೆರಡು ವಾರಕ್ಕೆ ಹೆಚ್ಚಿನವು ತಾವೇ ತೋರಿಸಿಕೊಡುತ್ತವೆ. ಒಂದೆರಡು ಮೊಂಡು ಮರಿಗಳು ನಾಲ್ಕು ತಿಂಗಳ ತನಕ ಕಾಯಿಸುತ್ತವೆ. ಅಲ್ಲಿಯವರೆಗೆ ಹೆಸರಿಡಬೇಡಿ. ನಮ್ಮ ಮನೆಯಲ್ಲಿ ಮಗಳು "ಗಂಗವ್ವ" ಅಂತ ಕರೆದದ್ದು ಐದನೇ ತಿಂಗಳಿಗೆ ಮಾಡಿನ ಮೇಲೆ ನಿಂತು ಕೂಗಿತು. ಹೆಸರು ಮಾತ್ರ ಬದಲಾಗಲಿಲ್ಲ.

ಭಾಳ ಹೇಳಬ್ಯಾಡ್ರಿ, ಒಂದಽ ಗುರುತು ಹೇಳ್ರಿ.

ಒಂದೇ ಅಂದರೆ, ಬಾಲದ ಬುಡದ ಪುಕ್ಕ. ಮರಿಗೆ ಹತ್ತು ಹನ್ನೆರಡು ವಾರ ಆಗಲಿ. ಸಂಜೆ ಗೂಡು ಸೇರಿ ಮಂಪರಿನಲ್ಲಿದ್ದಾಗ ಎತ್ತಿಕೊಂಡು, ತಲೆ ನಿಮ್ಮ ಕಂಕುಳ ಕಡೆ ಬರುವಂತೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಬೆನ್ನು ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಬೆರಳಿಂದ ಪುಕ್ಕ ಸರಿಸಿ, ಒಂದೇ ಒಂದನ್ನು ಅಂಗೈ ಮೇಲೆ ಬಿಡಿಸಿ ನೋಡಿ. ತುದಿ ಬೇವಿನ ಎಲೆಯ ಹಾಗೆ ಉದ್ದಕ್ಕೆ ಚೂಪಾಗಿ, ಅಂಚಿನಲ್ಲಿ ಎಳೆ ಎಳೆಯಾಗಿ, ಎಣ್ಣೆ ಹಚ್ಚಿದಂತೆ ಮಿಂಚಿದರೆ ಹುಂಜ. ತುದಿ ಚಮಚದಂತೆ ದುಂಡಗಿದ್ದು ಮೈಯ ಉಳಿದ ಪುಕ್ಕದ ಹಾಗೆಯೇ ಇದ್ದರೆ ಹ್ಯಾಟಿ. ಕೊರಳ ಪುಕ್ಕದಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ, ಆದರೆ ಹ್ಯಾಟಿಯ ಕೊರಳೂ ಸ್ವಲ್ಪ ಮಿಂಚುವುದರಿಂದ ಹೊಸಬರು ಅಲ್ಲೇ ಮೋಸ ಹೋಗುತ್ತಾರೆ. ಬಾಲದ ಬುಡ ಅಷ್ಟು ಮೋಸ ಮಾಡುವುದಿಲ್ಲ. ಮರಿ ಬಿಳಿ ಬಣ್ಣದ್ದಾದರೆ ಮಿಂಚು ಕಾಣದು, ಆಕಾರವನ್ನೇ ನೋಡಬೇಕು.

ಜುಟ್ಟು ಕೆಂಪಾತಂದ್ರ ಹುಂಜಽ ಅಲ್ಲೇನ್ರಿ?

ಎಷ್ಟನೇ ವಾರಕ್ಕೆ ಕೆಂಪಾಯಿತು ಅನ್ನುವುದರ ಮೇಲಿದೆ. ಆರೇಳು ವಾರಕ್ಕೆ ಒಡಹುಟ್ಟಿದವುಗಳ ಜುಟ್ಟು ಹಳದಿ ಬಣ್ಣದಲ್ಲಿ ಸಣ್ಣಗೆ ಇರುವಾಗ ಒಂದರದು ಮಾತ್ರ ದಪ್ಪಗೆ, ಗುಲಾಬಿಗೆ ತಿರುಗಿ, ಗಲ್ಲದ ಕೆಳಗೆ ಜೋಲು ಇಣುಕುತ್ತಿದ್ದರೆ ಅದು ಬಹುತೇಕ ಹುಂಜ. ಐದಾರು ತಿಂಗಳಿಗೆ ಕೆಂಪೇರಿದರೆ ಅರ್ಥವೇ ಬೇರೆ, ಹ್ಯಾಟಿ ತತ್ತಿಗೆ ಬಂದಿದೆ. ಇದು ಗೊತ್ತಿಲ್ಲದೆ ನಾನೇ ಮೂರನೇ ವರ್ಷದಲ್ಲಿ ಒಂದನ್ನು ಹುಂಜವೆಂದು ಪಕ್ಕದ ಓಣಿಯವರಿಗೆ ಮಾರಿದೆ. ನಾಲ್ಕನೇ ದಿನ ಅವರ ಮನೆಯ ಹೊಟ್ಟಿನ ಚೀಲದ ಮೇಲೆ ತತ್ತಿ ಇಟ್ಟಿತು. ಇವತ್ತಿಗೂ ಎದುರು ಸಿಕ್ಕಾಗ "ನಿಮ್ಮ ಹುಂಜ ಆರಾಮ ಐತ್ರಿ" ಅನ್ನುತ್ತಾರೆ.

ಇನ್ನೊಂದು ಮಾತು. ಹೊಟ್ಟೆಹುಳ, ರಕ್ತಭೇದಿ ಬಂದ ಹುಂಜಮರಿಯ ಜುಟ್ಟು ಬಿಳಿಚಿಕೊಂಡು ಹ್ಯಾಟಿಯಂತೆ ಕಾಣುತ್ತದೆ. ಮೊದಲು ಆರೋಗ್ಯ ನೋಡಿ, ಆಮೇಲೆ ಜುಟ್ಟು.

ಮನಿ ಮುಂದ ಬಂದಾಂವನ ಹತ್ರ ಗುಲಾಬಿ, ಹಸರ ಬಣ್ಣದ ಮರಿ ತಗೊಂಡ್ವಿ. ಒಂದೂ ತತ್ತಿ ಇಡಲಿಲ್ಲಲ್ರೀ?

ಇಡುವುದು ಕಷ್ಟ. ಅವು ಸಾಮಾನ್ಯವಾಗಿ ತತ್ತಿ ಕೋಳಿಯ ಹ್ಯಾಚರಿಗಳಿಂದ ಬರುವ ಗಂಡುಮರಿಗಳು. ತತ್ತಿ ಫಾರ್ಮಿಗೆ ಹೆಣ್ಣು ಮಾತ್ರ ಬೇಕು. ಹುಟ್ಟಿದ ದಿನವೇ ಗಂಡನ್ನು ಬೇರ್ಪಡಿಸುತ್ತಾರೆ. ಮಾಂಸಕ್ಕೂ ಅವು ಬೇಗ ಮೈ ಹಿಡಿಯುವ ಜಾತಿಯಲ್ಲ. ಹಾಗಾಗಿ ಒಂದಿಷ್ಟು ಬಣ್ಣ ಬಳಿಸಿಕೊಂಡು, ಬೈಕಿನ ಹಿಂದಿನ ಬುಟ್ಟಿಯಲ್ಲಿ ಕೂತು, ಮಕ್ಕಳಿರುವ ಓಣಿಗೆ ಬರುತ್ತವೆ. ಬಣ್ಣ ಬರೀ ತುಪ್ಪಳದ ಮೇಲಿನದು, ಪುಕ್ಕ ಬಂದಂತೆ ಹೋಗುತ್ತದೆ. ತತ್ತಿಗಾಗಿ ಸಾಕುವವರು ಅವುಗಳ ಮೇಲೆ ದುಡ್ಡು ಹಾಕಬೇಡಿ.

ಹುಂಜ ಇಲ್ದ ತತ್ತಿ ಇಡ್ತಾವೇನು?

ಇಡುತ್ತವೆ, ಅಷ್ಟೇ ಇಡುತ್ತವೆ. ಆ ತತ್ತಿಯಲ್ಲಿ ಮರಿ ಆಗುವುದಿಲ್ಲ, ಅಷ್ಟೇ.

## ಹಿರಿಯರು ಹೇಳಿದ್ದು, ಫೋನಿನಲ್ಲಿ ನೋಡಿದ್ದು

ಚೂಪ ತತ್ತಿ ಕಾವಿಗೆ ಇಟ್ರ ಹುಂಜ, ಗುಂಡಂದು ಇಟ್ರ ಹ್ಯಾಟಿ ಅಂತ ನಮ್ಮಮ್ಮ ಆರಿಸಿ ಇಡ್ತಿದ್ರು. ಖರೇ ಏನು?

ಆರಿಸಿ ಇಡುವುದು ಒಳ್ಳೆಯದೇ, ಕಾರಣ ಮಾತ್ರ ಬೇರೆ. ತೀರಾ ಉದ್ದ, ತೀರಾ ಗುಂಡು, ಸಿಪ್ಪೆ ತೆಳುವಾದ ತತ್ತಿಯಲ್ಲಿ ಮರಿ ಹೊರಬರುವುದು ಕಡಿಮೆ. ಆದರೆ ಹುಂಜ-ಹ್ಯಾಟಿಗೂ ಆಕಾರಕ್ಕೂ ಸಂಬಂಧವಿಲ್ಲ. ನೀವೇ ನೋಡಿ, ಒಂದು ಹ್ಯಾಟಿಯ ತತ್ತಿಗಳು ಹೆಚ್ಚುಕಮ್ಮಿ ಒಂದೇ ಆಕಾರದಲ್ಲಿರುತ್ತವೆ. ಆಕಾರ ಕೊಡುವುದು ಅದರ ತತ್ತಿನಾಳ. ಅಮ್ಮ ಹೇಳಿದ್ದು ಖರೆಯಾಗಿದ್ದರೆ ಚೂಪು ತತ್ತಿ ಇಡುವ ಹ್ಯಾಟಿಗೆ ಜನ್ಮದಲ್ಲಿ ಹೆಣ್ಣುಮರಿ ಆಗಬಾರದಿತ್ತು.

ಬ್ಯಾಸಗಿಗೆ ಕಾವಿಗೆ ಕೂಡಿಸಿದ್ರ ಬರೇ ಹುಂಜ ಬರ್ತಾವಂತ?

ಮೊಸಳೆಯಲ್ಲಿ, ಬಹಳಷ್ಟು ಆಮೆಗಳಲ್ಲಿ ಹಾಗಿದೆ, ಮಣ್ಣಿನ ಬಿಸಿಯೇ ಗಂಡು ಹೆಣ್ಣು ತೀರ್ಮಾನಿಸುತ್ತದೆ. ಕೋಳಿಯಲ್ಲಿ ತತ್ತಿ ಹೊರಬೀಳುವ ಮೊದಲೇ ಅದು ತೀರ್ಮಾನವಾಗಿರುತ್ತದೆ. ವಿಜಯಪುರದ ಏಪ್ರಿಲ್-ಮೇ ಬಿಸಿಲಿಗೆ ಆಗುವುದೇನೆಂದರೆ, ಕಾವಿಗೆ ಇಡುವ ಮೊದಲೇ ತತ್ತಿ ಕೆಡುತ್ತದೆ, ಒಳಗಿನ ಜೀವ ಅರ್ಧಕ್ಕೇ ಸಾಯುತ್ತದೆ. ಹದಿನೈದು ಇಟ್ಟಲ್ಲಿ ನಾಲ್ಕು ಹೊರಬಂದು ಆ ನಾಲ್ಕರಲ್ಲಿ ಮೂರು ಹುಂಜವಾದರೆ ನೆನಪಿನಲ್ಲಿ ಉಳಿಯುವುದು "ಬ್ಯಾಸಗಿ ಹುಂಜ".

ಕಾಲು ಹಿಡಿದು ಜೋತು ಬಿಟ್ರ, ಸೂಜಿ-ದಾರ ತೂಗಿದ್ರ ತಿಳೀತದಂತ ವಿಡಿಯೋದಾಗ ನೋಡಿದೆ.

ಸೂಜಿ ತೂಗುವುದು ನಿಮ್ಮ ಕೈ ನಡುಗುವುದರಿಂದ. ಜೋತುಬಿಟ್ಟ ಮರಿ ತಲೆ ಎತ್ತುವುದು ಭಯದಿಂದ. ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿ ಬರುತ್ತದೆ, ಮರಿಯ ಕಾಲಾದರೂ ಉಳಿಯುತ್ತದೆ.

## ತಿಂಗಳ ಮರಿಯಿಂದ ನಾಲ್ಕು ತಿಂಗಳ ತನಕ

ವಾರ ವಾರ ಏನೇನು ನೋಡ್ತಾ ಹೋಗ್ಬೇಕ್ರಿ?

ಮೊದಲಿಗೆ ಒಂದು ಕಟ್ಟಳೆ ಮಾಡಿಕೊಳ್ಳಿ: ಒಂದೇ ತಾಯಿಯ, ಒಂದೇ ದಿನ ಒಡೆದ ಮರಿಗಳನ್ನು ಒಂದಕ್ಕೊಂದು ಹೋಲಿಸಿ. ಪಕ್ಕದ ಮನೆಯ, ಬೇಗ ಬೆಳೆಯುವ ಗಿರಿರಾಜ ತಳಿಯ ಕೋಳಿಯ ಜೊತೆ ನಿಮ್ಮ ಜವಾರಿಯನ್ನಿಟ್ಟು ನೋಡಿದರೆ ಎಲ್ಲವೂ ಹ್ಯಾಟಿಯಂತೆಯೇ ಕಾಣುತ್ತವೆ.

ಮೂರು ನಾಲ್ಕು ವಾರಕ್ಕೆ ಪುಕ್ಕ ಬರುವ ವೇಗ ನೋಡಿ. ಹೆಣ್ಣುಮರಿಗೆ ಬೆನ್ನು, ಬಾಲ ಬೇಗ ತುಂಬುತ್ತವೆ. ಗಂಡುಮರಿ ಭುಜ-ಬೆನ್ನು ಬೋಳಾಗಿ, ಬಾಲದ ಜಾಗದಲ್ಲಿ ಮೊಂಡು ಕುಚ್ಚು ಹೊತ್ತುಕೊಂಡು ತಿರುಗುತ್ತದೆ. ಎಲ್ಲ ತಳಿಗೂ ಇದು ಒಪ್ಪುವುದಿಲ್ಲ, ಹೀಗಾಗಿ ಬರೆದಿಟ್ಟುಕೊಳ್ಳಿ, ತೀರ್ಪು ಕೊಡಬೇಡಿ. ಇದೇ ಹೊತ್ತಿಗೆ ಕಾಲು ಮುಟ್ಟಿ ನೋಡಿದರೆ ಗಂಡಿನ ಮೊಳಕಾಲ ಕೆಳಗಿನ ಭಾಗ ದಪ್ಪಗೆ, ಪಾದ ಅಗಲಕ್ಕೆ ಇರುತ್ತದೆ.

ಆರರಿಂದ ಎಂಟು ವಾರ ಜುಟ್ಟು-ಜೋಲಿನ ಕಾಲ, ಅದನ್ನು ಮೇಲೆ ಹೇಳಿದೆ. ಎಂಟರ ನಂತರ ಬಣ್ಣ ಮಾತಾಡಲು ಶುರು ಮಾಡುತ್ತದೆ. ಕಾಡುಕೋಳಿಯ ಬಣ್ಣದ ಜವಾರಿ ಮರಿಗಳಲ್ಲಿ ಎದೆಯ ಮೇಲೆ ಕಪ್ಪು ಪುಕ್ಕ ಇಣುಕಿದರೆ ಹುಂಜ, ಎದೆ ತಿಳಿಗಂದಾಗಿಯೇ ಉಳಿದರೆ ಹ್ಯಾಟಿ. ರೆಕ್ಕೆಯ ಮೇಲ್ಭಾಗದಲ್ಲಿ ಯಾರೋ ಕೆಂಪು ಮಣ್ಣು ಎರಚಿದಂತೆ ಗಾಢ ಕೆಂಪಿನ ತೇಪೆಗಳು ಬಂದರೆ ಅದೂ ಹುಂಜವೇ. ಹ್ಯಾಟಿಯ ಬಣ್ಣ ಮೈತುಂಬ ಒಂದೇ ಹದದಲ್ಲಿ ಹರಡಿರುತ್ತದೆ.

ಹತ್ತು ಹನ್ನೆರಡಕ್ಕೆ ಬಾಲದ ಬುಡದ ಪುಕ್ಕ. ಅದಾದ ಮೇಲೆ ಕುಡಗೋಲಿನಂತೆ ಬಾಗುವ ಬಾಲದ ಗರಿ. ಕಾಲಿನ ಮುಳ್ಳನ್ನು ನೆಚ್ಚಿಕೊಳ್ಳಬೇಡಿ. ಅದು ಉದ್ದವಾಗಲು ತಿಂಗಳುಗಟ್ಟಲೆ ಬೇಕು, ಎಳೆ ಹ್ಯಾಟಿಯಲ್ಲೂ ಅದೇ ಜಾಗದಲ್ಲಿ ಮೊಗ್ಗಿನಂಥ ಗುರುತಿರುತ್ತದೆ, ಕೆಲವು ಮುದಿ ಹ್ಯಾಟಿಗಳಿಗೆ ಮುಳ್ಳೇ ಬೆಳೆಯುತ್ತದೆ.

ಗುರುತಿಗೆ ಕಾಲಿಗೆ ಬಣ್ಣದ ದಾರ ಕಟ್ಟುತ್ತೀರಾದರೆ ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಿ. ನಾನು ಒಂದು ಸಲ ಕಬ್ಬಿನ ಗಡಿಬಿಡಿಯಲ್ಲಿ ಮರೆತು ದಾರ ಮಾಂಸದೊಳಗೆ ಹೂತುಹೋಗಿತ್ತು. ಆ ಮರಿ ಉಳಿಯಿತು, ಕುಂಟುತ್ತಲೇ ಉಳಿಯಿತು.

ಎರಡು ಮರಿ ಎದಿ ಉಬ್ಬಿಸಿ ಜಗಳಾಡ್ತಾವ. ಎರಡೂ ಹುಂಜ ಇರಬೇಕಲ್ಲ?

ಇರಬೇಕೆಂದಿಲ್ಲ. ಮೂರು ನಾಲ್ಕು ವಾರದ ಮರಿಗಳು ಹೆಣ್ಣು ಗಂಡೆನ್ನದೆ ಎದೆ ತಾಗಿಸಿ ಹಾರುತ್ತವೆ, ಯಾರು ಮೇಲು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಜಗಳಕ್ಕಿಂತ ಸೌಜನ್ಯ ನೋಡಿ! ಜೋಳದ ನುಚ್ಚು ಎರಚಿ ಸುಮ್ಮನೆ ಕೂತರೆ, ಮೂರ್ನಾಲ್ಕು ತಿಂಗಳ ಎಳೆ ಹುಂಜ ಕಾಳು ಕಚ್ಚಿ, ನುಂಗದೆ ಕೆಳಗೆ ಹಾಕಿ, ಮತ್ತೆ ಕಚ್ಚಿ, "ಕುಕ್ ಕುಕ್ ಕುಕ್" ಅಂತ ಹ್ಯಾಟಿಗಳನ್ನು ಕರೆಯುವುದು ಕಾಣುತ್ತದೆ. ಒಂದು ರೆಕ್ಕೆ ನೆಲಕ್ಕೆ ಇಳಿಬಿಟ್ಟು ಹ್ಯಾಟಿಯ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುವುದೂ ಹುಂಜದ್ದೇ. ಹ್ಯಾಟಿಯ ನಡತೆ ತಡವಾಗಿ ತಿಳಿಯುತ್ತದೆ. ತತ್ತಿಗೆ ವಾರ ಎರಡು ವಾರ ಇದೆ ಅನ್ನುವಾಗ ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ.

ಒಂದಽ ಕೂಗ್ತೈತಿ. ಅಂದ್ರ ಒಂದಽ ಹುಂಜ ಐತಿ ಅಂತ ಆತಲ್ಲ?

ಆಗಲಿಲ್ಲ. ಕೂಗು ಎರಡು ತಿಂಗಳಿಗೇ ಶುರುವಾಗಬಹುದು, ಐದು ತಿಂಗಳೂ ಹಿಡಿಯಬಹುದು. ಮೊದಮೊದಲು ಅದು ಕೂಗೇ ಅಲ್ಲ, ತುಕ್ಕು ಹಿಡಿದ ಬಾವಿಯ ಗಡಗಡಿ ಅರ್ಧ ಸುತ್ತು ತಿರುಗಿ ನಿಂತಂತೆ. ಗುಂಪಿನಲ್ಲಿ ದೊಡ್ಡ ಹುಂಜವಿದ್ದರೆ ಎಳೆಯವು ಬಾಯಿ ಮುಚ್ಚಿಕೊಂಡಿರುವುದೂ ಉಂಟು. ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದಂತೆ ಹುಂಜ ಬೆಳಕು ನೋಡಿ ಕೂಗುವುದಲ್ಲ, ಮೈಯೊಳಗಿನ ಗಡಿಯಾರದಿಂದ ಬೆಳಗಿನ ಮುಂಚೆಯೇ ಕೂಗುತ್ತದೆ. 2015ರಲ್ಲಿ ಅದೇ ಸಂಶೋಧಕರು, ಗುಂಪಿನ ಮುಖ್ಯ ಹುಂಜ ಮೊದಲು ಕೂಗಿ ಉಳಿದವು ಸರದಿಯಂತೆ ಆಮೇಲೆ ಕೂಗುತ್ತವೆ ಅನ್ನುವುದನ್ನೂ ದಾಖಲಿಸಿದರು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಅಂದುಕೊಂಡ ಅಜ್ಜಿಯ ಹುಂಜ ಖಂಡಿತ ಊರಿನ ಮುಖ್ಯ ಹುಂಜವೇ ಇದ್ದೀತು. ಕೂಗುತ್ತಿರುವ ಆ ಹುಂಜವನ್ನು ನೀವು ಎರಡು ದಿನ ಬೇರೆ ಕಡೆ ಇಟ್ಟು ನೋಡಿ, ಇನ್ನೊಂದು ಗಂಟಲು ಸರಿಮಾಡಿಕೊಳ್ಳುತ್ತದೆ.

ಕಡಕನಾಥ ಸಾಕೀವಿ. ಕೆಂಪ ಜುಟ್ಟಽ ಇಲ್ಲ, ಏನ್ ನೋಡೋದು?

ಬಣ್ಣ ಬಿಟ್ಟು ಗಾತ್ರ ನೋಡಿ. ಮಧ್ಯಪ್ರದೇಶದ ಝಾಬುವಾ ಕಡೆಯ ಈ ಕೋಳಿಯ ಜುಟ್ಟು, ಚರ್ಮ, ಕಾಲು ಎಲ್ಲ ಕಪ್ಪು. ಮೂರು ತಿಂಗಳಿಗೆ ಹುಂಜದ ಜುಟ್ಟು ಎದ್ದು ನಿಂತು ಹಲ್ಲು ಬಿಡುತ್ತದೆ, ಹ್ಯಾಟಿಯದು ತಗ್ಗಿನಲ್ಲೇ ಇರುತ್ತದೆ. ಕಾಳಗದ ತಳಿಯಾದ ಅಸೀಲ್ ಇನ್ನೂ ಕಷ್ಟ. ಅದರಲ್ಲಿ ಹುಂಜಕ್ಕೂ ಜುಟ್ಟು ಸಣ್ಣದು, ಜೋಲು ಹೆಸರಿಗೆ ಮಾತ್ರ, ಹ್ಯಾಟಿಯೂ ಸೆಟೆದೇ ನಿಲ್ಲುತ್ತದೆ. ಅಲ್ಲಿ ಪುಕ್ಕ ಮತ್ತು ಕಾಲಿನ ದಪ್ಪವೇ ಗತಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ಬೇಗ ಬೆಳೆಯುವುದರಿಂದ ಜವಾರಿಗಿಂತ ಒಂದೆರಡು ವಾರ ಮುಂಚೆಯೇ ತಿಳಿಯುತ್ತವೆ.

ಎಲ್ಲಾಕೂ ಈಗಿಂದಽ ಲೇಯರ್ ಫೀಡ್ ಹಾಕಿದ್ರ ಹ್ಯಾಟಿ ಲಗೂನ ತತ್ತಿ ಇಡ್ತಾವೇನು?

ಇಡುವುದಿಲ್ಲ, ಮೂತ್ರಪಿಂಡ ಕೆಡಿಸಿಕೊಳ್ಳುತ್ತವೆ. ಲೇಯರ್ ಫೀಡಿನಲ್ಲಿ, ಅಂದರೆ ತತ್ತಿ ಇಡುವ ಕೋಳಿಯ ಆಹಾರದಲ್ಲಿ, ಸುಮಾರು 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಮರಿಗೆ ಬೇಕಾದದ್ದು ಶೇಕಡಾ 1ರ ಆಸುಪಾಸು. ಹುಂಜ ಯಾವುದೆಂದು ಗೊತ್ತಾಗುವ ತನಕ ಎಲ್ಲಕ್ಕೂ ಮರಿಯ ಆಹಾರವನ್ನೇ ಕೊಡಿ. ಹ್ಯಾಟಿ ತತ್ತಿಗೆ ಬಂದಾಗ ಸುಣ್ಣಕಲ್ಲಿನ ಚೂರನ್ನೋ ಒಣಗಿಸಿ ಪುಡಿ ಮಾಡಿದ ತತ್ತಿ ಸಿಪ್ಪೆಯನ್ನೋ ಬೇರೆ ತಟ್ಟೆಯಲ್ಲಿಡಿ, ಬೇಕಾದವು ತಿನ್ನುತ್ತವೆ. ಬಾಗಲಕೋಟೆ ಜಿಲ್ಲೆಯಲ್ಲಿ ಸುಣ್ಣಕಲ್ಲಿಗೇನು ಬರವೇ?

## ಇನ್ನಷ್ಟು ಒಳಗಿನ ಮಾತು

ಹತ್ತರಾಗ ಏಳು ಹುಂಜ ಬಂದಾವ. ನಮ್ಮ ಹುಂಜದ್ದಽ ದೋಷ ಏನು?

ಹುಂಜವನ್ನು ಬೈಯಬೇಡಿ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುತ್ತದೆ, ಕೋಳಿಯಲ್ಲಿ ತಾಯಿಯ ಕಡೆಯಿಂದ. ಹುಂಜದಲ್ಲಿ ಎರಡೂ ಝಡ್ ವರ್ಣತಂತು (ಗುಣಗಳನ್ನು ಹೊತ್ತು ತರುವ ಕ್ರೋಮೋಸೋಮ್), ಹ್ಯಾಟಿಯಲ್ಲಿ ಒಂದು ಝಡ್, ಒಂದು ಡಬ್ಲ್ಯೂ. ತಾಯಿ ಯಾವುದನ್ನು ಕೊಟ್ಟಳೋ ಅದರಂತೆ ಮರಿ. ಹಾಗಂತ ಅವಳದೂ ತಪ್ಪಲ್ಲ, ಅದು ನಾಣ್ಯ ಚಿಮ್ಮಿದ ಹಾಗೆ. ಲೆಕ್ಕ ಹಾಕಿದರೆ ಹತ್ತು ಮರಿಗಳಲ್ಲಿ ಏಳು ಅಥವಾ ಹೆಚ್ಚು ಹುಂಜ ಬರುವ ಸಾಧ್ಯತೆ ನೂರಕ್ಕೆ 17. ಅಂದರೆ ಆರು ಮನೆಯಲ್ಲಿ ಒಂದು ಮನೆಗೆ ಹೀಗೆ ಆಗಿಯೇ ಆಗುತ್ತದೆ, ಈ ಸಲ ಅದು ನಿಮ್ಮ ಮನೆ.

ದೊಡ್ಡ ಹ್ಯಾಚರಿಯವ್ರು ಒಂದಽ ದಿನದ ಮರಿ ಹೆಂಗ ಬ್ಯಾರೆ ಮಾಡ್ತಾರ? ನಾವೂ ಮಾಡಬಹುದೇನು?

ಅವರ ಕಡೆ ಮೂರು ದಾರಿ ಇವೆ. ಒಂದು, ಮರಿಯ ಗುದದ್ವಾರವನ್ನು ಹಗುರವಾಗಿ ತೆರೆದು ಒಳಗಿನ ಸಾಸಿವೆಗಿಂತ ಸಣ್ಣ ಉಬ್ಬನ್ನು ನೋಡುವುದು. 1920ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ವಿದ್ಯೆಗೆ ದೀರ್ಘ ತರಬೇತಿ ಬೇಕು. ಮನೆಯಲ್ಲಿ ಪ್ರಯತ್ನಿಸಿದರೆ ಮರಿಯ ಕರುಳೇ ಕೈಗೆ ಬರುತ್ತದೆ, ಬೇಡವೇ ಬೇಡ. ಎರಡು, ರೆಕ್ಕೆಯ ಪುಕ್ಕ. ಹೆಣ್ಣುಮರಿಯ ರೆಕ್ಕೆಯಲ್ಲಿ ಒಂದು ಸಾಲು ಉದ್ದ, ಒಂದು ಗಿಡ್ಡ, ಗಂಡಿನಲ್ಲಿ ಎರಡೂ ಸಮ. ಫೋನಿನಲ್ಲಿ ಈ ಚಿತ್ರ ಬಹಳ ಓಡಾಡುತ್ತದೆ, ಜನ ತಮ್ಮ ಜವಾರಿ ಮರಿಯ ರೆಕ್ಕೆ ಬಿಡಿಸಿ ನೋಡಿ ಖುಷಿಪಡುತ್ತಾರೆ. ಅದು ನಡೆಯುವುದು ಬೇಗ ಪುಕ್ಕ ಬರುವ ಸಾಲಿನ ತಂದೆ, ನಿಧಾನ ಬರುವ ಸಾಲಿನ ತಾಯಿ ಅಂತ ಬೇಕೆಂದೇ ಜೋಡಿ ಮಾಡಿದಾಗ ಮಾತ್ರ. ಜವಾರಿಯಲ್ಲಿ ಏನೂ ಅರ್ಥ ಕೊಡದು. ಮೂರು, ಬಣ್ಣ. ಕಂದು ತತ್ತಿಯ ಫಾರ್ಮ್ ತಳಿಗಳಲ್ಲಿ ಹೆಣ್ಣುಮರಿ ಕಂದು, ಗಂಡು ತಿಳಿಹಳದಿ ಬರುವಂತೆ ತಾಯಿ-ತಂದೆಯನ್ನು ಆರಿಸಿರುತ್ತಾರೆ.

ಹಂಗಾದ್ರ ಹಿತ್ತಲದಾಗ ಹುಟ್ಟಿದ ದಿನಽ ತಿಳಿಯೋ ಉಪಾಯ ಒಂದೂ ಇಲ್ಲೇನು?

ಒಂದಿದೆ, ಅದಕ್ಕೆ ಪಟ್ಟೆ ಪಟ್ಟೆ ಹ್ಯಾಟಿ ಬೇಕು. ಕಪ್ಪು ಬಿಳಿ ಅಡ್ಡಗೆರೆಯ ಹ್ಯಾಟಿಗೆ ಗೆರೆ ಇಲ್ಲದ ಕಪ್ಪು ಅಥವಾ ಕೆಂಗಪ್ಪು ಹುಂಜ ಬಿಡಿ. ಆ ಗೆರೆಯ ಗುಣ ಝಡ್ ವರ್ಣತಂತುವಿನ ಮೇಲಿದೆ, ತಾಯಿಯ ಝಡ್ ಗಂಡುಮಕ್ಕಳಿಗೆ ಮಾತ್ರ ಹೋಗುತ್ತದೆ. ಹಾಗಾಗಿ ಕಪ್ಪು ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಬೊಟ್ಟು ಇದ್ದದ್ದು ಹುಂಜ, ನೆತ್ತಿ ಪೂರ್ತಿ ಕಪ್ಪಾದದ್ದು ಹ್ಯಾಟಿ. ಮೂರು ವರ್ಷದ ಹಿಂದೆ ನಾನು ಮಾಡಿ ನೋಡಿದೆ. ಒಂಬತ್ತು ಮರಿಗಳಲ್ಲಿ ಬೊಟ್ಟಿದ್ದವು ನಾಲ್ಕು, ನಾಲ್ಕೂ ಹುಂಜವೇ ಆದವು. ಬಿಳಿ ಹುಂಜವನ್ನು ಜೋಡಿ ಮಾಡಿದರೆ ಬಣ್ಣ ಮುಚ್ಚಿಹೋಗುತ್ತದೆ. ಜೋಡಿ ತಿರುಗುಮುರುಗಾದರೆ, ಅಂದರೆ ಪಟ್ಟೆ ಹುಂಜ, ಸಾದಾ ಹ್ಯಾಟಿ ಆದರೆ, ಉಪಾಯ ಕೆಲಸ ಮಾಡದು. ಮೊದಲಿದ್ದ ಹುಂಜವನ್ನು ತೆಗೆದು ಮೂರು ವಾರ ಬಿಟ್ಟು ತತ್ತಿ ಕೂಡಿಡಿ, ಹಳೆಯ ಹುಂಜದ ಬೀಜ ಹ್ಯಾಟಿಯ ಮೈಯಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯಬಲ್ಲದು.

ಹುಂಜ ಹೆಚ್ಚಾದ್ವು. ಎಷ್ಟು ಇಟ್ಕೋಬೇಕು, ಉಳಿದದ್ದು ಏನ್ ಮಾಡ್ಬೇಕು?

ಎಂಟ್ಹತ್ತು ಹ್ಯಾಟಿಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹ್ಯಾಟಿಗಳ ಬೆನ್ನಿನ ಪುಕ್ಕ ಕಿತ್ತು ಚರ್ಮ ಕಾಣುತ್ತದೆ. ಇಟ್ಟುಕೊಳ್ಳುವುದನ್ನು ಆರಿಸುವಾಗ ಬಣ್ಣಕ್ಕೆ ಮರುಳಾಗದೆ, ಕಾಳು ಕಂಡಾಗ ಕರೆಯುವ, ಮಕ್ಕಳ ಮೇಲೆ ಏರಿ ಬರದ ಹುಂಜವನ್ನು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಸಂತೆಯಲ್ಲಿ ಗಿರಾಕಿ ಸಿಗುತ್ತಾರೆ, ಇಲ್ಲವಾದರೆ ಅಡುಗೆಮನೆ ಇದೆ. ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಆದರೆ ಕಾಳಗಕ್ಕೆ ಕೇಳಿಕೊಂಡು ಬರುವವರಿಗೆ ಕೊಡಬೇಡಿ. ಪ್ರಾಣಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಐದು ವರ್ಷ ತತ್ತಿ ಇಟ್ಟ ಹ್ಯಾಟಿ ಈಗ ಕೂಗಾಕ ಹತ್ತೈತ್ರಿ. ಮನಿಗೆ ಕೇಡು ಅಂತಾರ, ಮೊದಲಽ ಹುಂಜ ಇತ್ತೇನು?

ಐದು ವರ್ಷ ತತ್ತಿ ಇಟ್ಟದ್ದು ಹ್ಯಾಟಿಯೇ. ಕೋಳಿಗೆ ಎಡಗಡೆಯ ಅಂಡಾಶಯ ಮಾತ್ರ ಬೆಳೆದು ಕೆಲಸ ಮಾಡುತ್ತದೆ, ಬಲಗಡೆಯದು ಹುಟ್ಟಿನಿಂದ ಮುದುಡಿಕೊಂಡಿರುತ್ತದೆ. ರೋಗದಿಂದಲೋ ಗಡ್ಡೆಯಿಂದಲೋ ಎಡದ್ದು ಕೆಟ್ಟರೆ ಹೆಣ್ಣಿನ ಹಾರ್ಮೋನು ಇಳಿಯುತ್ತದೆ, ಮುದುಡಿದ್ದ ಬಲದ್ದು ಕೆಲವೊಮ್ಮೆ ಗಂಡಿನ ಗ್ರಂಥಿಯ ಹಾಗೆ ಬೆಳೆಯುತ್ತದೆ. ಆಗ ಜುಟ್ಟು ಹಿಗ್ಗುತ್ತದೆ, ಮುಂದಿನ ಸಲ ಪುಕ್ಕ ಉದುರಿ ಬಂದಾಗ ಚೂಪು ಪುಕ್ಕ ಬರುತ್ತದೆ, ಕೂಗುತ್ತದೆ. ಗುಂಪಿನಲ್ಲಿ ಹುಂಜವೇ ಇಲ್ಲದಿದ್ದಾಗ ಮೇಲುಗೈಯ ಹ್ಯಾಟಿ ಯಾವ ರೋಗವೂ ಇಲ್ಲದೆ ಒಂದೆರಡು ಸಲ ಕೂಗುವುದೂ ಇದೆ. ಕೇಡಿನ ಭಯ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ 1474ರಲ್ಲಿ ತತ್ತಿ ಇಟ್ಟಿತೆಂದು ಒಂದು ಹುಂಜವನ್ನು ವಿಚಾರಣೆ ಮಾಡಿ ಸುಟ್ಟರು. ಪಾಪ, ಅದೂ ಇಂಥದೇ ಹ್ಯಾಟಿ ಇದ್ದಿರಬಹುದು.

ನಿಮ್ಮದು ಮೇಯುತ್ತಿದ್ದರೆ, ಹೊಟ್ಟೆ ಊದಿಕೊಂಡಿಲ್ಲದಿದ್ದರೆ ಹಾಗೇ ಬಿಡಿ. ಹೊಟ್ಟೆ ಊದಿ, ಬಾತುಕೋಳಿಯಂತೆ ಹೊಯ್ದಾಡುತ್ತಾ ನಡೆದರೆ ಪಶು ಆಸ್ಪತ್ರೆಗೆ ಒಯ್ಯಿರಿ. ನಮ್ಮ ಅತ್ತೆಯ ಮನೆಯ ಅಂಥ ಹ್ಯಾಟಿ ಎರಡು ವರ್ಷ ದಿನಾ ಬೆಳಗ್ಗೆ ಕೂಗಿತು. ನಡುವೆ ಮನೆಯಲ್ಲಿ ಒಂದು ಮದುವೆಯಾಯಿತು, ಒಂದು ಬೋರ್‌ವೆಲ್ಲಿಗೆ ನೀರೂ ಬಿತ್ತು.